ಮನೆಯ ಉಪ್ಪುನೀರಿನ ಅಕ್ವೇರಿಯಂನಲ್ಲಿ ನೀರಿನ ತಾಪಮಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಉಪ್ಪುನೀರಿನ ಅಕ್ವೇರಿಯಂ ಬಗ್ಗೆ ಸುಲಭವಾಗಿ ಸಿಗುವ ಮಾಹಿತಿಯಲ್ಲಿ ಬಹುಪಾಲು ಚಳಿಯ ದೇಶಗಳ ಹವ್ಯಾಸಿಗಳು ಬರೆದದ್ದು. ಅಲ್ಲಿ ಮನೆಯೊಳಗಿನ ಗಾಳಿಯೇ 20 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ ತಾಪಮಾನದ ಮಾತು ಹೀಟರಿನಿಂದಲೇ ಆರಂಭವಾಗುತ್ತದೆ. ಕರ್ನಾಟಕದ ಮನೆಗಳಲ್ಲಿ ಸಮಸ್ಯೆ ಬೇರೆ. ಇಲ್ಲಿ ತೊಟ್ಟಿಗೆ ಅಪಾಯ ಬರುವುದು ಏಪ್ರಿಲ್ ಮತ್ತು ಮೇ ತಿಂಗಳ ಮಧ್ಯಾಹ್ನಗಳಲ್ಲಿ, ಅದರಲ್ಲೂ ಕರೆಂಟ್ ಹೋದಾಗ. ಕೆಳಗಿನ ಉತ್ತರಗಳನ್ನು ಈ ಪರಿಸ್ಥಿತಿಯನ್ನು ಮುಂದಿಟ್ಟುಕೊಂಡು ಬರೆದಿದ್ದೇನೆ. ಎಲ್ಲ ತಾಪಮಾನಗಳೂ ಸೆಲ್ಸಿಯಸ್‌ನಲ್ಲಿವೆ. ಲೆಕ್ಕ ಬಂದಲ್ಲೆಲ್ಲ 200 ಲೀಟರ್ ನೀರಿರುವ ತೊಟ್ಟಿಯನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ.

ನೀರು ಎಷ್ಟು ಡಿಗ್ರಿಯಲ್ಲಿರಬೇಕು?

ಉಷ್ಣವಲಯದ ಮೀನು ಮತ್ತು ಹವಳಗಳಿರುವ ತೊಟ್ಟಿಗೆ 24ರಿಂದ 27 ಡಿಗ್ರಿ ಸರಿಯಾದ ವ್ಯಾಪ್ತಿ. ನನ್ನ ಸಲಹೆ 25ರಿಂದ 26. ಹವಳಗಳಿಲ್ಲದೆ ಕ್ಲೌನ್ ಮೀನು, ಡ್ಯಾಮ್ಸೆಲ್‌ನಂಥ ಗಟ್ಟಿ ಮೀನುಗಳು ಮಾತ್ರ ಇದ್ದರೆ ಬೇಸಿಗೆಯಲ್ಲಿ 28ರವರೆಗೆ ಹೋದರೂ ಅವು ಸಹಿಸಿಕೊಳ್ಳುತ್ತವೆ. ಆದರೆ ಅದನ್ನೇ ವರ್ಷವಿಡೀ ಗುರಿಯಾಗಿಟ್ಟುಕೊಳ್ಳಬಾರದು.

ಲಕ್ಷದ್ವೀಪದ ಸುತ್ತಲಿನ ಸಮುದ್ರವೇ ಬೇಸಿಗೆಯಲ್ಲಿ 30 ಡಿಗ್ರಿ ತಲುಪುತ್ತದೆ. ಹಾಗಿರುವಾಗ ನನ್ನ ತೊಟ್ಟಿ 30ರಲ್ಲಿದ್ದರೆ ತಪ್ಪೇನು?

ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ ಎರಡು ಭಾಗದ ಉತ್ತರವಿದೆ.

ಮೊದಲನೆಯದು ಹವಳಗಳ ಸಹನೆಗೆ ಸಂಬಂಧಿಸಿದ್ದು. ಹವಳಕ್ಕೆ ಎಲ್ಲ ಕಡೆಯೂ ಒಂದೇ ಅಪಾಯದ ಗೆರೆ ಇರುವುದಿಲ್ಲ. ಯಾವುದೇ ಜಾಗದ ಹವಳ ತಾನು ಬೆಳೆದ ನೀರಿನ ಬೇಸಿಗೆಗೆ ಒಗ್ಗಿಕೊಂಡಿರುತ್ತದೆ. ಅಲ್ಲಿನ ಅತಿ ಬಿಸಿಯಾದ ತಿಂಗಳ ಸರಾಸರಿಗಿಂತ ಸುಮಾರು 1 ಡಿಗ್ರಿ ಮೇಲೇರಿ ನೀರು ವಾರಗಟ್ಟಲೆ ಅಲ್ಲೇ ನಿಂತರೆ ಹವಳ ಬಿಳಿಚಿಕೊಳ್ಳಲು ಆರಂಭಿಸುತ್ತದೆ. ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ಹವಳದ ದಿಬ್ಬಗಳು ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡದ್ದು ಹೀಗೆಯೇ. ಇನ್ನೊಂದು ತುದಿಯಲ್ಲಿ, ಅಮೆರಿಕನ್ ಸಮೋವಾದ ಓಫು ದ್ವೀಪದ ಆಳವಿಲ್ಲದ ಮಡುಗಳಲ್ಲಿ ನೀರು ಕೆಲವು ಮಧ್ಯಾಹ್ನಗಳಲ್ಲಿ 34 ಡಿಗ್ರಿ ದಾಟಿದರೂ ಹವಳಗಳು ಬದುಕಿವೆ. ಅವು ಆ ಏರಿಳಿತದಲ್ಲೇ ಬೆಳೆದಿರುವುದು ಇದಕ್ಕೆ ಮುಖ್ಯ ಕಾರಣ. ನಿಮ್ಮ ತೊಟ್ಟಿಯ ಹವಳ ಬೇರೆಯವರ ತೊಟ್ಟಿಯಲ್ಲಿ 25 ಅಥವಾ 26 ಡಿಗ್ರಿಯಲ್ಲಿ ತುಂಡಿನಿಂದ ಬೆಳೆದು ಬಂದದ್ದಾಗಿದ್ದರೆ, ಲಕ್ಷದ್ವೀಪದ ಹವಳದ ಸಹನೆಯನ್ನು ಅದರಿಂದ ನಿರೀಕ್ಷಿಸುವಂತಿಲ್ಲ.

ಎರಡನೆಯದು ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯವಾದದ್ದು. ಸಮುದ್ರದಲ್ಲಿ ಅಲೆಗಳಿವೆ, ಪ್ರವಾಹಗಳಿವೆ, ಎಣಿಸಲಾಗದಷ್ಟು ನೀರಿದೆ. ಅಲ್ಲಿ ಕರೆಂಟ್ ಹೋಗುವ ಪ್ರಶ್ನೆಯೇ ಇಲ್ಲ. ನಿಮ್ಮ 200 ಲೀಟರಿಗೆ ಈ ಯಾವ ರಕ್ಷಣೆಯೂ ಇಲ್ಲ. 26ರಲ್ಲಿರುವ ತೊಟ್ಟಿಯ ಪಂಪ್ ಮೂರು ಗಂಟೆ ನಿಂತು ನೀರು 2 ಡಿಗ್ರಿ ಏರಿದರೆ ಅದು 28ಕ್ಕೆ ಬಂದು ನಿಲ್ಲುತ್ತದೆ, ಯಾವ ಜೀವಿಯೂ ಸಾಯುವುದಿಲ್ಲ. 30ರಲ್ಲಿರುವ ತೊಟ್ಟಿಗೆ ಅದೇ 2 ಡಿಗ್ರಿ ಪ್ರಾಣಾಂತಿಕವಾಗಬಹುದು. ಕಡಿಮೆ ತಾಪಮಾನವನ್ನು ಕಾಯ್ದುಕೊಳ್ಳುವುದೆಂದರೆ ಕೆಟ್ಟ ದಿನಕ್ಕಾಗಿ ಒಂದಿಷ್ಟು ಅಂತರವನ್ನು ಉಳಿಸಿಟ್ಟುಕೊಳ್ಳುವುದು.

ನೀರು ಬಿಸಿಯಾದರೆ ಒಳಗೆ ನಿಜವಾಗಿ ಏನಾಗುತ್ತದೆ?

ಆಮ್ಲಜನಕ ಕಡಿಮೆಯಾಗುತ್ತದೆ, ಬೇಡಿಕೆ ಹೆಚ್ಚಾಗುತ್ತದೆ. ಸಾವಿರಕ್ಕೆ 35 ಭಾಗ ಲವಣಾಂಶವಿರುವ ನೀರು 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 6.7 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಅದು 6.2ರ ಆಸುಪಾಸಿಗೆ ಇಳಿಯುತ್ತದೆ. ಸಿಹಿನೀರಿಗೆ ಹೋಲಿಸಿದರೆ ಉಪ್ಪುನೀರಿನಲ್ಲಿ ಆಮ್ಲಜನಕ ಹೇಗೂ ಕಡಿಮೆ. ಇದೇ ವೇಳೆಗೆ ಮೀನಿನ ದೇಹದ ಚಟುವಟಿಕೆ ತಾಪಮಾನದೊಂದಿಗೆ ಏರುತ್ತದೆ. 10 ಡಿಗ್ರಿ ಏರಿದರೆ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಜೀವಶಾಸ್ತ್ರದ ಒಂದು ಸಾಮಾನ್ಯ ಅಂದಾಜು. ತೊಟ್ಟಿಯಲ್ಲಿರುವ ಬ್ಯಾಕ್ಟೀರಿಯಾಗಳೂ ಹೆಚ್ಚು ಆಮ್ಲಜನಕ ಬಳಸುತ್ತವೆ, ತಿನ್ನದೆ ಉಳಿದ ಆಹಾರ ಬೇಗ ಕೊಳೆಯುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಮೀನು ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ಬಿಸಿಗಿಂತಲೂ ಹೆಚ್ಚಾಗಿ ಉಸಿರಿನ ಕೊರತೆಯ ಲಕ್ಷಣ.

ಅಮೋನಿಯಾದ ವಿಷಯವೂ ಇದೆ. ಅಳತೆಯ ಕಿಟ್ ಒಂದೇ ಅಂಕಿ ತೋರಿಸಿದರೂ ನೀರು ಬಿಸಿಯಾದಷ್ಟು, ಪಿಎಚ್ ಹೆಚ್ಚಾದಷ್ಟು, ಅದರಲ್ಲಿ ವಿಷಕಾರಿ ರೂಪದಲ್ಲಿರುವ ಪಾಲು ಹೆಚ್ಚುತ್ತದೆ. ಹವಳಗಳಲ್ಲಿ ನಡೆಯುವುದು ಇನ್ನೊಂದು ಬಗೆ: ಅವುಗಳ ಅಂಗಾಂಶದೊಳಗೆ ವಾಸಿಸಿ ಬೆಳಕಿನಿಂದ ಆಹಾರ ತಯಾರಿಸಿಕೊಡುವ ಸೂಕ್ಷ್ಮ ಪಾಚಿಗಳು ಅತಿಯಾದ ಶಾಖ ಮತ್ತು ಬೆಳಕಿನಲ್ಲಿ ಹಾನಿಕಾರಕ ಆಮ್ಲಜನಕ ಸಂಯುಕ್ತಗಳನ್ನು ಉತ್ಪಾದಿಸತೊಡಗುತ್ತವೆ. ಆಗ ಹವಳ ಅವುಗಳನ್ನು ಹೊರಹಾಕುತ್ತದೆ. ಬಣ್ಣ ಆ ಪಾಚಿಗಳದ್ದೇ ಬಹುಪಾಲು ಆಗಿರುವುದರಿಂದ ಹವಳ ಬಿಳಿಯಾಗಿ ಕಾಣುತ್ತದೆ.

ಒಂದೇ ದಿನದಲ್ಲಿ ಎಷ್ಟು ಏರಿಳಿತ ಆಗಬಹುದು?

1 ಡಿಗ್ರಿಯ ಏರಿಳಿತಕ್ಕೆ ಚಿಂತಿಸಬೇಕಾಗಿಲ್ಲ. ನಿಜವಾದ ಹವಳದ ದಿಬ್ಬಗಳಲ್ಲೂ ಹಗಲು ರಾತ್ರಿಗಳ ನಡುವೆ ಅಷ್ಟು ವ್ಯತ್ಯಾಸವಿರುತ್ತದೆ. ಪ್ರತಿದಿನವೂ 2 ಡಿಗ್ರಿಗಿಂತ ಹೆಚ್ಚು ಏರಿಳಿಯುತ್ತಿದ್ದರೆ ಕಾರಣ ಹುಡುಕಬೇಕು. 25.5ರಲ್ಲಿ ಕದಲದಂತೆ ನಿಲ್ಲಿಸುವ ಹಟದಲ್ಲಿ ಹೀಟರನ್ನೂ ಚಿಲ್ಲರನ್ನೂ (ನೀರನ್ನು ತಂಪು ಮಾಡುವ ಯಂತ್ರ) ಕೆಲವೇ ದಶಾಂಶಗಳ ಅಂತರದಲ್ಲಿ ಹೊಂದಿಸಿದರೆ ಎರಡೂ ಒಂದರ ವಿರುದ್ಧ ಒಂದು ಓಡಿ ಕರೆಂಟ್ ವ್ಯರ್ಥವಾಗುತ್ತದೆ. ಎರಡರ ನಡುವೆ ಕನಿಷ್ಠ 1.5 ಡಿಗ್ರಿ ಅಂತರವಿರಲಿ.

ಕೋಣೆ 30 ಡಿಗ್ರಿಯಲ್ಲಿದ್ದರೂ ನೀರು 32ಕ್ಕೆ ಹೋಗುವುದೇಕೆ?

ತೊಟ್ಟಿಗೆ ಬರುವ ಕರೆಂಟ್ ಎಲ್ಲಿಗೆ ಹೋಗುತ್ತದೆ ಎಂದು ನೋಡಿದರೆ ಉತ್ತರ ಸಿಗುತ್ತದೆ. ನೀರಿನೊಳಗೆ ಮುಳುಗಿರುವ 50 ವ್ಯಾಟಿನ ಪಂಪ್ ಬಳಸುವ ಶಕ್ತಿ ಮೊದಲು ನೀರಿನ ಚಲನೆಯಾದರೂ ಕೊನೆಗೆ ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗಿಯೇ ನೀರಿನಲ್ಲಿ ಉಳಿಯುತ್ತದೆ. 200 ಲೀಟರ್ ಉಪ್ಪುನೀರನ್ನು 1 ಡಿಗ್ರಿ ಬಿಸಿ ಮಾಡಲು ಸುಮಾರು 0.23 ಯೂನಿಟ್ ಕರೆಂಟ್ ಸಾಕು. ಹಾಗಾಗಿ ಶಾಖ ಹೊರಹೋಗಲು ದಾರಿಯಿಲ್ಲದಿದ್ದರೆ 50 ವ್ಯಾಟಿನ ಒಂದು ಪಂಪೇ ನೀರನ್ನು ಐದು ಗಂಟೆಗೂ ಕಡಿಮೆ ಅವಧಿಯಲ್ಲಿ 1 ಡಿಗ್ರಿ ಏರಿಸಬಲ್ಲದು. ಅದರೊಂದಿಗೆ ತೊಟ್ಟಿಯೊಳಗೆ ಅಲೆ ಎಬ್ಬಿಸುವ ವೇವ್‌ಮೇಕರ್, ಕೊಳೆಯನ್ನು ನೊರೆಯಾಗಿಸಿ ತೆಗೆಯುವ ಪ್ರೋಟೀನ್ ಸ್ಕಿಮ್ಮರಿನ ಪಂಪ್, ಮೇಲಿನ ದೀಪ, ಎಲ್ಲವೂ ಸೇರುತ್ತವೆ. ಹಳೆಯ ಮೆಟಲ್ ಹ್ಯಾಲೈಡ್ ದೀಪಗಳು ಒಂದೊಂದೂ 150ರಿಂದ 250 ವ್ಯಾಟ್ ಬಳಸುತ್ತಿದ್ದವು. ಎಲ್‌ಇಡಿ ಬಂದ ಮೇಲೆ ಈ ಭಾರ ಬಹಳ ಇಳಿದಿದೆ.

ಆದ್ದರಿಂದ ತಂಪು ಮಾಡುವ ಯಂತ್ರಕ್ಕೆ ಹಣ ಹಾಕುವ ಮೊದಲು ಬಿಸಿ ಮಾಡುತ್ತಿರುವುದನ್ನು ತೆಗೆಯಿರಿ. ಎಸಿ (ಪರ್ಯಾಯ ವಿದ್ಯುತ್) ಪಂಪಿನ ಬದಲು ಅಷ್ಟೇ ನೀರು ಹರಿಸುವ ಡಿಸಿ (ನೇರ ವಿದ್ಯುತ್) ಪಂಪ್ ಹಾಕಿದರೆ ಎಷ್ಟೋ ವೇಳೆ ಅರ್ಧದಷ್ಟು ವ್ಯಾಟ್ ಉಳಿಯುತ್ತದೆ. ಗಾಜಿನ ಮುಚ್ಚಳ ತೆಗೆದು ಮೀನು ಹಾರದಂತೆ ಸಣ್ಣ ಕಣ್ಣಿನ ಬಲೆಯ ಮುಚ್ಚಳ ಹಾಕಿ. ಸಂಪ್ (ಪಂಪ್, ಸ್ಕಿಮ್ಮರ್‌ಗಳನ್ನು ಕೂರಿಸಲು ತೊಟ್ಟಿಯ ಕೆಳಗಿಡುವ ಎರಡನೆಯ ಸಣ್ಣ ತೊಟ್ಟಿ) ಇರುವ ಕಪಾಟಿನ ಹಿಂಬದಿಯನ್ನು ತೆರೆದಿಡಿ. ದೀಪ ಉರಿಯುವ ಸಮಯವನ್ನು ಬೆಳಿಗ್ಗೆ ಹತ್ತರಿಂದ ಸಂಜೆ ಆರರ ಬದಲು ಸಂಜೆ ನಾಲ್ಕರಿಂದ ರಾತ್ರಿ ಹನ್ನೆರಡಕ್ಕೆ ಸರಿಸಿದರೆ ದೀಪದ ಶಾಖವೂ ಮಧ್ಯಾಹ್ನದ ಶಾಖವೂ ಒಟ್ಟಿಗೆ ಬೀಳುವುದು ತಪ್ಪುತ್ತದೆ. ಬೆಳಕಿನ ಒಟ್ಟು ಅವಧಿ ಅಷ್ಟೇ ಇದ್ದರೆ ಹವಳಗಳಿಗೆ ಇದರಿಂದ ತೊಂದರೆಯಿಲ್ಲ; ಮನೆಯವರು ತೊಟ್ಟಿಯನ್ನು ನೋಡುವುದೂ ಸಂಜೆಯ ಮೇಲೆಯೇ ಅಲ್ಲವೇ.

ಬೇಸಿಗೆಗೆ ಫ್ಯಾನ್ ಸಾಕೇ?

ನೀವು ಯಾವ ಊರಿನಲ್ಲಿದ್ದೀರಿ ಎಂಬುದರ ಮೇಲೆ ಇದು ನಿಂತಿದೆ.

ಫ್ಯಾನ್ ಕೆಲಸ ಮಾಡುವುದು ಮಣ್ಣಿನ ಹೂಜಿಯಂತೆಯೇ: ನೀರು ಆವಿಯಾಗುವಾಗ ಉಳಿದ ನೀರಿನಿಂದ ಶಾಖ ಹೊತ್ತೊಯ್ಯುತ್ತದೆ. ಈ ಶಾಖದ ಪ್ರಮಾಣ ಅನೇಕರು ಊಹಿಸುವುದಕ್ಕಿಂತ ದೊಡ್ಡದು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ಅಷ್ಟು ಶಾಖವನ್ನು ನಮ್ಮ 200 ಲೀಟರಿನಿಂದ ತೆಗೆದರೆ ನೀರು 3 ಡಿಗ್ರಿಯಷ್ಟು ಇಳಿಯುತ್ತದೆ. ದಿನಕ್ಕೆ ಒಂದು ಲೀಟರ್ ಆವಿಯಾಗುವ ತೊಟ್ಟಿ ಇಡೀ ದಿನ ಸುಮಾರು 28 ವ್ಯಾಟ್ ಶಾಖವನ್ನು ಹೊರಹಾಕುತ್ತಿರುತ್ತದೆ.

ಆದರೆ ಆವಿಯಿಂದ ಎಷ್ಟು ತಂಪಾಗಬಹುದು ಎಂಬುದಕ್ಕೆ ಪ್ರಕೃತಿಯಲ್ಲಿ ಒಂದು ಮಿತಿಯಿದೆ. ಥರ್ಮಾಮೀಟರಿನ ತುದಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ ಅದು ತೋರಿಸುವ ತಾಪಮಾನವೇ ಆ ಮಿತಿ. ಅದಕ್ಕಿಂತ ಕೆಳಗೆ ಯಾವ ಫ್ಯಾನೂ ನೀರನ್ನು ಇಳಿಸಲಾರದು. ಬೆಂಗಳೂರಿನ ಒಣ ಏಪ್ರಿಲ್ ಮಧ್ಯಾಹ್ನದಲ್ಲಿ ಗಾಳಿ 34 ಡಿಗ್ರಿ, ತೇವಾಂಶ ಶೇ 30 ಇದ್ದರೆ ಈ ಮಿತಿ ಸುಮಾರು 21. ಕಲಬುರಗಿಯಲ್ಲಿ 41 ಡಿಗ್ರಿ, ಶೇ 20 ತೇವಾಂಶವಿದ್ದರೆ ಸುಮಾರು 23. ಮಂಗಳೂರಿನಲ್ಲಿ ಗಾಳಿ 33 ಡಿಗ್ರಿಯೇ ಇದ್ದರೂ ತೇವಾಂಶ ಶೇ 70 ಇರುವುದರಿಂದ ಮಿತಿ 28ಕ್ಕೆ ಬಂದು ನಿಲ್ಲುತ್ತದೆ. ತೊಟ್ಟಿಯ ನೀರು ಎಂದೂ ಆ ಮಿತಿಯನ್ನು ಮುಟ್ಟುವುದಿಲ್ಲ, ಅದಕ್ಕಿಂತ ಕೆಲವು ಡಿಗ್ರಿ ಮೇಲೆಯೇ ಇರುತ್ತದೆ.

ಇದರಿಂದ ನಾನು ತಲುಪುವ ತೀರ್ಮಾನ ಹೀಗಿದೆ. ಬೆಂಗಳೂರು, ಮೈಸೂರು, ಹಾಸನದಂಥ ಊರುಗಳಲ್ಲಿ ಮಿತವಾಗಿ ಪಂಪ್ ಮತ್ತು ಎಲ್‌ಇಡಿ ಬಳಸುವ ತೊಟ್ಟಿಗೆ ವರ್ಷದ ಬಹುಪಾಲು ದಿನಗಳಲ್ಲಿ ಫ್ಯಾನ್ ಸಾಕು. ಆದರೆ 2016ರ ಏಪ್ರಿಲ್ 24ರಂದು ಬೆಂಗಳೂರಿನಲ್ಲೇ 39.2 ಡಿಗ್ರಿ ದಾಖಲಾಗಿದೆ ಎಂಬುದನ್ನು ಮರೆಯದೆ, ಅಂಥ ವಾರಕ್ಕೆ ಬೇರೆ ಏರ್ಪಾಡು ಇಟ್ಟುಕೊಂಡಿರಬೇಕು. ಕಲಬುರಗಿ, ರಾಯಚೂರು, ಬಳ್ಳಾರಿಗಳಲ್ಲಿ ಫ್ಯಾನ್ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ದಿನಕ್ಕೆ ಹಲವು ಲೀಟರ್ ನೀರು ಆವಿಯಾಗುತ್ತದೆ. ಕರಾವಳಿಯಲ್ಲಿ, ಅಂದರೆ ಮಂಗಳೂರು, ಉಡುಪಿ, ಕಾರವಾರಗಳಲ್ಲಿ, ಹವಳ ಸಾಕುವವರು ಫ್ಯಾನನ್ನು ನೆಚ್ಚಿಕೊಳ್ಳಬಾರದು. ಅಲ್ಲಿ ಚಿಲ್ಲರ್ ಅಥವಾ ಎ.ಸಿ. ಬೇಕೇ ಬೇಕು. ಸೆಕೆಯಲ್ಲಿ ನಮ್ಮ ಬೆವರು ಆರದೆ ಇರುವುದಕ್ಕೂ ತೊಟ್ಟಿ ತಂಪಾಗದೆ ಇರುವುದಕ್ಕೂ ಕಾರಣ ಒಂದೇ.

ಫ್ಯಾನ್ ಹಾಕುವಾಗ ಗಾಳಿ ನೀರಿನ ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಓರೆಯಾಗಿ ಕೂರಿಸಿ. ಕಂಪ್ಯೂಟರಿನೊಳಗೆ ಬಳಸುವ 12 ವೋಲ್ಟಿನ ಫ್ಯಾನ್‌ಗಳು ಅಗ್ಗ ಮತ್ತು ಸುರಕ್ಷಿತ. ಉಪ್ಪಿನ ಸಿಡಿತದಿಂದ ಬೇಗ ಹಾಳಾಗುವುದರಿಂದ ಒಂದು ಹೆಚ್ಚಿನದು ಮನೆಯಲ್ಲಿರಲಿ. ತಾಪಮಾನ ನೋಡಿ ತಾನೇ ಚಾಲೂ ಆಗುವ ಕಂಟ್ರೋಲರಿಗೆ ಅದನ್ನು ಜೋಡಿಸಿ. ಇಲ್ಲದಿದ್ದರೆ ಡಿಸೆಂಬರಿನ ಬೆಳಗಿನ ಜಾವಕ್ಕೆ ಅದು ನೀರನ್ನು 21ಕ್ಕೆ ಇಳಿಸಿಬಿಡಬಹುದು.

ಫ್ಯಾನ್ ಹಾಕಿದ ಮೇಲೆ ನೀರು ಬೇಗ ಇಳಿಯುತ್ತಿದೆ. ಉಪ್ಪುನೀರು ಸೇರಿಸಬೇಕೇ?

ಬೇಡ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಆದ್ದರಿಂದ ಇಳಿದಷ್ಟನ್ನು ಉಪ್ಪಿಲ್ಲದ ಆರ್‌ಒ ನೀರಿನಿಂದ ತುಂಬಬೇಕು. 200 ಲೀಟರಿನಲ್ಲಿ 6 ಲೀಟರ್ ಆವಿಯಾಗಿ ನೀವು ತುಂಬದೇ ಇದ್ದರೆ ಸಾವಿರಕ್ಕೆ 35 ಇದ್ದ ಲವಣಾಂಶ 36 ದಾಟುತ್ತದೆ. ಹೀಗೆ ನಾಲ್ಕೈದು ದಿನ ಬಿಟ್ಟು ಒಮ್ಮೆಲೇ ಬಕೆಟ್ಟುಗಟ್ಟಲೆ ಸುರಿದರೆ ಆ ಹಠಾತ್ ಬದಲಾವಣೆಯೇ ಬಿಸಿಗಿಂತ ಹೆಚ್ಚು ಹಾನಿ ಮಾಡುತ್ತದೆ. ಫ್ಯಾನ್ ಬಳಸುವವರಿಗೆ, ಮಟ್ಟ ಇಳಿದಾಗ ತಾನೇ ನೀರು ತುಂಬುವ ಸಣ್ಣ ಪಂಪಿನ ಏರ್ಪಾಡು ಬಹಳ ಉಪಯುಕ್ತ. ಲವಣಾಂಶ ಅಳೆಯುವಾಗಲೂ ಎಚ್ಚರವಿರಲಿ: ತೇಲುವ ಹೈಡ್ರೋಮೀಟರನ್ನು ಒಂದು ನಿರ್ದಿಷ್ಟ ತಾಪಮಾನಕ್ಕೆ ಹೊಂದಿಸಿರುತ್ತಾರೆ, ನೀರು ಬಿಸಿಯಿದ್ದರೆ ಅದು ನಿಜಕ್ಕಿಂತ ಕಡಿಮೆ ತೋರಿಸುತ್ತದೆ.

ಚಿಲ್ಲರ್ ಕೊಳ್ಳುವುದಾದರೆ ಯಾವ ಗಾತ್ರದ್ದು?

ಪೆಟ್ಟಿಗೆಯ ಮೇಲೆ ಬರೆದಿರುವ ಲೀಟರ್ ಲೆಕ್ಕವನ್ನು ನೆಚ್ಚಿಕೊಳ್ಳಬೇಡಿ. ನಿಮ್ಮ ಪಂಪ್‌ಗಳೆಷ್ಟು, ಕೋಣೆ ಎಷ್ಟು ಬಿಸಿ ಎಂಬುದು ಆ ಲೆಕ್ಕ ಮಾಡಿದವರಿಗೆ ಗೊತ್ತಿರುವುದಿಲ್ಲ. ನಿಮ್ಮ ತೊಟ್ಟಿಯ ಭಾರವನ್ನು ನೀವೇ ಅಳೆಯಬಹುದು, ಅದಕ್ಕೆ ಒಂದು ಒಳ್ಳೆಯ ಥರ್ಮಾಮೀಟರ್ ಮತ್ತು ಒಂದು ಬಿಸಿ ಮಧ್ಯಾಹ್ನ ಸಾಕು.

ನೀರು ನೀವು ಬಯಸುವ ತಾಪಮಾನದ ಹತ್ತಿರ ಇರುವಾಗ ಫ್ಯಾನ್ ನಿಲ್ಲಿಸಿ, ಪಂಪ್ ಮತ್ತು ದೀಪಗಳನ್ನು ಎಂದಿನಂತೆ ಓಡಲು ಬಿಟ್ಟು, ಒಂದೆರಡು ಗಂಟೆಯಲ್ಲಿ ಎಷ್ಟು ಏರುತ್ತದೆ ನೋಡಿ. ಸಂಪ್ ಸೇರಿದಂತೆ ಒಟ್ಟು ಲೀಟರನ್ನು 1.14ರಿಂದ ಗುಣಿಸಿ, ಬಂದದ್ದನ್ನು ಗಂಟೆಗೆ ಏರಿದ ಡಿಗ್ರಿಯಿಂದ ಗುಣಿಸಿದರೆ ತೆಗೆಯಬೇಕಾದ ಶಾಖ ವ್ಯಾಟ್‌ನಲ್ಲಿ ಸಿಗುತ್ತದೆ. 200 ಲೀಟರ್ ಗಂಟೆಗೆ ಅರ್ಧ ಡಿಗ್ರಿ ಏರಿದರೆ ಅದು ಸುಮಾರು 114 ವ್ಯಾಟ್. ಇದರ ಒಂದೂವರೆಯಿಂದ ಎರಡು ಪಟ್ಟು ತಂಪು ಮಾಡುವ ಶಕ್ತಿಯಿರುವ ಚಿಲ್ಲರ್ ತೆಗೆದುಕೊಳ್ಳಿ. ಕೋಣೆ ಬಿಸಿಯಾದಷ್ಟೂ ಚಿಲ್ಲರಿನ ಶಕ್ತಿ ಕುಗ್ಗುವುದರಿಂದ ಈ ಹೆಚ್ಚುವರಿ ಅಗತ್ಯ. ಗಮನಿಸಬೇಕಾದ ಅಂಕಿ ಶಾಖ ತೆಗೆಯುವ ಸಾಮರ್ಥ್ಯವೇ ಹೊರತು ಅದು ಬಳಸುವ ಕರೆಂಟಿನ ವ್ಯಾಟ್ ಅಲ್ಲ. ಎರಡನ್ನೂ ಅದಲುಬದಲು ಮಾಡಿಕೊಳ್ಳುವವರು ಬಹಳ ಮಂದಿ.

ಕಂಪ್ರೆಸರ್ ಇಲ್ಲದ, ಪೆಲ್ಟಿಯರ್ ಫಲಕದಿಂದ ನಡೆಯುವ ಚಿಕ್ಕ ಚಿಲ್ಲರ್‌ಗಳು ಅಗ್ಗವಾಗಿ ಸಿಗುತ್ತವೆ. ಇಪ್ಪತ್ತು ಮೂವತ್ತು ಲೀಟರಿನ ತೊಟ್ಟಿಗೆ ಅವು ಒಂದಿಷ್ಟು ನೆರವಾದಾವು. ಅದಕ್ಕಿಂತ ದೊಡ್ಡದಕ್ಕೆ ಪ್ರಯೋಜನವಿಲ್ಲ.

ಚಿಲ್ಲರ್ ಇಡುವ ಜಾಗವೂ ಮುಖ್ಯ. ಅದು ನೀರಿನಿಂದ ತೆಗೆದ ಶಾಖವನ್ನೂ ತಾನು ಬಳಸಿದ ಕರೆಂಟಿನ ಶಾಖವನ್ನೂ ಸೇರಿಸಿ ಕೋಣೆಗೆ ಬಿಡುತ್ತದೆ. ತೊಟ್ಟಿಯ ಕೆಳಗಿನ ಮುಚ್ಚಿದ ಕಪಾಟಿನಲ್ಲಿಟ್ಟರೆ ತನ್ನದೇ ಬಿಸಿಗಾಳಿಯನ್ನು ಮತ್ತೆ ಎಳೆದುಕೊಂಡು ಬಿಡುವಿಲ್ಲದೆ ಓಡುತ್ತದೆ, ಕಂಪ್ರೆಸರ್ ಬೇಗ ಕೆಡುತ್ತದೆ. ಸಾಧ್ಯವಿದ್ದರೆ ಪೈಪನ್ನು ಉದ್ದ ಮಾಡಿ, ಅದಕ್ಕೆ ಶಾಖ ತಡೆಯುವ ಫೋಮ್ ಸುತ್ತಿ, ಯಂತ್ರವನ್ನು ಯುಟಿಲಿಟಿಯಲ್ಲೋ ನೆರಳಿರುವ ಬಾಲ್ಕನಿಯಲ್ಲೋ ಇಡಿ. ತಿಂಗಳಿಗೊಮ್ಮೆ ಅದರ ಜಾಲರಿಯ ಧೂಳು ತೆಗೆಯಿರಿ.

ಚಿಲ್ಲರ್ ಬದಲು ಕೋಣೆಗೆ ಎ.ಸಿ. ಹಾಕಿದರೆ ಆಗದೇ?

ಆಗುತ್ತದೆ, ಕೆಲವೊಮ್ಮೆ ಅದೇ ಉತ್ತಮ. ಒಂದೇ ಕೋಣೆಯಲ್ಲಿ ಎರಡು ಮೂರು ತೊಟ್ಟಿಗಳಿದ್ದರೆ, ಅಥವಾ ಆ ಕೋಣೆಯಲ್ಲಿ ಹೇಗೂ ಎ.ಸಿ. ನಡೆಯುವುದಿದ್ದರೆ, ಪ್ರತ್ಯೇಕ ಚಿಲ್ಲರ್ ಬೇಕಾಗುವುದಿಲ್ಲ. ಎ.ಸಿ. ಶಾಖವನ್ನು ಮನೆಯ ಹೊರಗೆ ಹಾಕುತ್ತದೆ, ಗಾಳಿಯ ತೇವವನ್ನೂ ತೆಗೆಯುತ್ತದೆ. ಆದ್ದರಿಂದ ಕರಾವಳಿಯಲ್ಲೂ ಎ.ಸಿ. ಕೋಣೆಯೊಳಗೆ ಫ್ಯಾನ್ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದೇ ಷರತ್ತು: ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನಗಳಲ್ಲೂ ಅದು ನಡೆಯಬೇಕು. ರಾತ್ರಿ ಮಲಗುವಾಗ ಮಾತ್ರ ಎ.ಸಿ. ಹಾಕುವ ಮನೆಯಲ್ಲಿ ತೊಟ್ಟಿಗೆ ಅದು ದಿನವೂ ಒಂದು ಹೊಯ್ದಾಟವಾಗುತ್ತದೆ.

ನೀರಿಗೆ ಐಸ್ ಹಾಕಬಹುದೇ?

ನೇರವಾಗಿ ಹಾಕಬಾರದು. ಕರಗಿದ ನೀರು ಲವಣಾಂಶ ಇಳಿಸುತ್ತದೆ, ನಲ್ಲಿ ನೀರಿನ ಐಸ್ ಆದರೆ ಕ್ಲೋರಿನ್ನೂ ಸೇರುತ್ತದೆ. ಬಾಟಲಿಯಲ್ಲಿ ಆರ್‌ಒ ನೀರು ತುಂಬಿ, ಹಿಗ್ಗಲು ಸ್ವಲ್ಪ ಜಾಗ ಬಿಟ್ಟು, ಬಿಗಿಯಾಗಿ ಮುಚ್ಚಿ ಫ್ರೀಜರಿನಲ್ಲಿಟ್ಟು, ಹೊರಭಾಗವನ್ನು ಚೆನ್ನಾಗಿ ತೊಳೆದು ಸಂಪಿನಲ್ಲಿ ತೇಲಿಸಬಹುದು. ಒಂದು ಲೀಟರಿನ ಹೆಪ್ಪುಗಟ್ಟಿದ ಬಾಟಲಿ 200 ಲೀಟರ್ ನೀರನ್ನು ಸುಮಾರು ಅರ್ಧ ಡಿಗ್ರಿ ಇಳಿಸುತ್ತದೆ. ತುರ್ತಿಗೆ ಇದು ಒಳ್ಳೆಯ ಉಪಾಯ, ಆದರೆ ಇಡೀ ಬೇಸಿಗೆಯನ್ನು ಹೀಗೆ ದಾಟಿಸಲು ಹೊರಟರೆ ಬಾಟಲಿ ಬದಲಿಸಲು ಮರೆತ ದಿನವೇ ತೊಂದರೆ ಎದುರಾಗುತ್ತದೆ.

ಕರ್ನಾಟಕದಲ್ಲಿ ಹೀಟರ್ ಬೇಕೇ?

ಕರಾವಳಿಯಲ್ಲಿ ಬಹುತೇಕ ಬೇಡ. ಬೆಂಗಳೂರು, ಮೈಸೂರಿನಲ್ಲಿ ಡಿಸೆಂಬರ್ ಮತ್ತು ಜನವರಿಗೆ ಬೇಕು. ಕೊಡಗು, ಚಿಕ್ಕಮಗಳೂರಿನಲ್ಲಿ ಮಳೆಗಾಲಕ್ಕೂ ಬೇಕಾಗುತ್ತದೆ. ಆದರೆ ಚಳಿ ದೇಶಗಳ ಸಲಹೆ ನೋಡಿ ದೊಡ್ಡ ಹೀಟರ್ ಕೊಳ್ಳಬೇಡಿ. ಹೀಟರಿನೊಳಗಿನ ಥರ್ಮೋಸ್ಟಾಟ್ ಕೆಟ್ಟಾಗ ಅದರ ಸಂಪರ್ಕ ಬಿಂದುಗಳು ಒಂದಕ್ಕೊಂದು ಅಂಟಿಕೊಂಡು ಹೀಟರ್ ನಿಲ್ಲದೆ ಉರಿಯುವುದು ಅಪರೂಪವೇನಲ್ಲ. ಆಗ 300 ವ್ಯಾಟಿನ ಹೀಟರ್ 200 ಲೀಟರ್ ನೀರನ್ನು ಗಂಟೆಗೆ 1 ಡಿಗ್ರಿಗಿಂತ ಹೆಚ್ಚು ಏರಿಸುತ್ತದೆ. ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ ತೊಟ್ಟಿಯಲ್ಲಿ ಏನೂ ಉಳಿದಿರುವುದಿಲ್ಲ. ಅದೇ 50 ವ್ಯಾಟಿನ ಹೀಟರ್ ಅಂಟಿಕೊಂಡರೆ ಗಂಟೆಗೆ 0.2 ಡಿಗ್ರಿಯಷ್ಟೇ ಏರುತ್ತದೆ, ಗಮನಿಸಲು ನಿಮಗೆ ಸಮಯ ಸಿಗುತ್ತದೆ. ಬೆಂಗಳೂರಿನ ಚಳಿಗಾಲಕ್ಕೆ 200 ಲೀಟರಿಗೆ 50 ವ್ಯಾಟಿನ ಎರಡು ಹೀಟರ್ ಸಾಕು. ಒಂದು ಕೆಟ್ಟು ನಿಂತರೂ ಇನ್ನೊಂದು ಅರ್ಧ ಭಾರ ಹೊರುತ್ತದೆ.

ಹೀಟರಿನ ಸ್ವಂತ ಥರ್ಮೋಸ್ಟಾಟನ್ನು 27ಕ್ಕೆ ಇಟ್ಟು, ಹೊರಗಿನ ಕಂಟ್ರೋಲರನ್ನು 25ಕ್ಕೆ ಹೊಂದಿಸಿದರೆ ಒಂದು ಸೋತಾಗ ಇನ್ನೊಂದು ಕಾಯುತ್ತದೆ. ನೀರು ಬದಲಿಸುವಾಗ ಹೀಟರನ್ನು ಮೊದಲು ಆರಿಸಿ, ಏಕೆಂದರೆ ಗಾಳಿಗೆ ತೆರೆದುಕೊಂಡು ಕಾದ ಗಾಜು ತಣ್ಣನೆಯ ನೀರು ತಾಗಿದೊಡನೆ ಒಡೆಯುತ್ತದೆ. ಹೀಟರ್ ಇರಲಿ, ಇಲ್ಲದಿರಲಿ, ತೊಟ್ಟಿಗೆ ಕರೆಂಟ್ ಕೊಡುವ ಲೈನಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಲೈನನ್ನು ಕಡಿಯುವ ಸುರಕ್ಷತಾ ಸ್ವಿಚ್) ಇರಲೇಬೇಕು. ಉಪ್ಪುನೀರು ಸಿಹಿನೀರಿಗಿಂತ ಬಹಳ ಚೆನ್ನಾಗಿ ವಿದ್ಯುತ್ ಹರಿಸುತ್ತದೆ. ಇದರಲ್ಲಿ ಯಾವ ರಾಜಿಗೂ ನಾನು ಒಪ್ಪುವುದಿಲ್ಲ. ವೈರುಗಳು ಪ್ಲಗ್ಗಿಗಿಂತ ಕೆಳಗೆ ಬಾಗಿ ಬಂದು ಮೇಲೇರುವಂತಿರಲಿ, ವೈರಿನುದ್ದಕ್ಕೂ ಜಾರುವ ನೀರಿನ ಹನಿ ಸಾಕೆಟ್ಟಿಗೆ ಹೋಗದೆ ಕೆಳಗೆ ತೊಟ್ಟಿಕ್ಕುತ್ತದೆ.

ಯಾವ ಥರ್ಮಾಮೀಟರನ್ನು ನಂಬಬಹುದು?

ಒಂದನ್ನೇ ನಂಬಬೇಡಿ. ಗಾಜಿನ ಹೊರಗೆ ಅಂಟಿಸುವ ಬಣ್ಣದ ಪಟ್ಟಿ ಗಾಜಿನ ಮತ್ತು ಕೋಣೆಯ ತಾಪಮಾನಗಳ ನಡುವಿನ ಯಾವುದೋ ಅಂಕಿಯನ್ನು ತೋರಿಸುತ್ತದೆ. ಜ್ವರ ನೋಡುವ ಥರ್ಮಾಮೀಟರ್ ಈ ಕೆಲಸಕ್ಕೆ ಬಾರದು, ಅದರ ಅಳತೆ ಆರಂಭವಾಗುವುದೇ ನಮ್ಮ ತೊಟ್ಟಿಯ ಅಪಾಯದ ಗೆರೆ ದಾಟಿದ ಮೇಲೆ. ನೀರಿನಲ್ಲಿ ಮುಳುಗುವ ತುದಿಯಿರುವ ಒಂದು ಡಿಜಿಟಲ್ ಮತ್ತು ಒಂದು ಗಾಜಿನ ಥರ್ಮಾಮೀಟರ್ ಇಟ್ಟುಕೊಂಡು ವಾರಕ್ಕೊಮ್ಮೆ ಹೋಲಿಸಿ. ಪುಡಿ ಮಾಡಿದ ಐಸ್ ತುಂಬಿದ ಲೋಟಕ್ಕೆ ಸ್ವಲ್ಪ ಆರ್‌ಒ ನೀರು ಹಾಕಿ ಕಲಕಿ ತುದಿಯನ್ನು ಅದ್ದಿದರೆ 0 ತೋರಿಸಬೇಕು. ಕುದಿಯುವ ನೀರಿನಲ್ಲಿ ಪರೀಕ್ಷಿಸಬೇಡಿ. ತುದಿ ಹಾಳಾಗುವುದಲ್ಲದೆ, ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ.

ಅಳೆಯುವ ತುದಿ ಹೀಟರಿನ ಪಕ್ಕದಲ್ಲೋ ಚಿಲ್ಲರಿನ ನೀರು ಬೀಳುವಲ್ಲೋ ಇರದೆ, ನೀರು ಚೆನ್ನಾಗಿ ಹರಿಯುವ ಕಡೆ ಇರಲಿ. ಕಂಟ್ರೋಲರಿನ ತುದಿ ನೀರಿನಿಂದ ಜಾರಿ ಹೊರಬಿದ್ದರೆ ಅದು ಗಾಳಿಯ ತಾಪಮಾನ ನೋಡಿ ಹೀಟರನ್ನು ಓಡಿಸುತ್ತದೆ. ಅದನ್ನು ಕ್ಲಿಪ್ಪಿನಿಂದ ಭದ್ರವಾಗಿ ಕಟ್ಟಿ.

ಕರೆಂಟ್ ಹೋದರೆ ಮೊದಲು ಏನು ಮಾಡಬೇಕು?

ನೀರನ್ನು ಕಲಕುತ್ತಿರುವಂತೆ ನೋಡಿಕೊಳ್ಳಿ. ಪಂಪ್ ಮತ್ತು ದೀಪ ನಿಂತಾಗ ಅವುಗಳ ಶಾಖವೂ ನಿಲ್ಲುವುದರಿಂದ ನೀರು ನಾವು ಹೆದರುವಷ್ಟು ವೇಗವಾಗಿ ಬಿಸಿಯಾಗುವುದಿಲ್ಲ. ಆಮ್ಲಜನಕ ಮಾತ್ರ ಕೆಲವೇ ಗಂಟೆಗಳಲ್ಲಿ ಅಪಾಯದ ಮಟ್ಟಕ್ಕೆ ಇಳಿಯಬಹುದು, ಅದರಲ್ಲೂ ರಾತ್ರಿ, ಅದರಲ್ಲೂ ಮೀನು ಹೆಚ್ಚಿದ್ದರೆ. ಬ್ಯಾಟರಿಯಿಂದ ನಡೆಯುವ ಏರ್ ಪಂಪ್ ಎಲ್ಲಕ್ಕಿಂತ ಮೊದಲು ಕೊಳ್ಳಬೇಕಾದ ಉಪಕರಣ. ಕರೆಂಟ್ ಹೋದ ಕೂಡಲೇ ತಾನೇ ಚಾಲೂ ಆಗುವಂಥದ್ದೂ ಸಿಗುತ್ತದೆ. ಮನೆಯ ಯುಪಿಎಸ್‌ಗೆ 20 ವ್ಯಾಟಿನ ಒಂದು ವೇವ್‌ಮೇಕರನ್ನು ಮಾತ್ರ ಜೋಡಿಸಿದರೆ, ಬೇರೆ ಭಾರವಿಲ್ಲದಿದ್ದಾಗ 150 ಆಂಪಿಯರ್ ಅವರಿನ ಸುಸ್ಥಿತಿಯ ಬ್ಯಾಟರಿ ಅದನ್ನು ಒಂದು ದಿನಕ್ಕೂ ಮೀರಿ ನಡೆಸುತ್ತದೆ. ಯುಪಿಎಸ್ ಸೈನ್ ವೇವ್ ಆಗಿರಲಿ, ಇಲ್ಲದಿದ್ದರೆ ಎಸಿ ಪಂಪ್‌ಗಳು ಗುಂಯ್‌ಗುಡುತ್ತ ಬಿಸಿಯಾಗುತ್ತವೆ.

ಚಿಲ್ಲರನ್ನು ಸಾಮಾನ್ಯ ಮನೆಯ ಯುಪಿಎಸ್‌ಗೆ ಜೋಡಿಸಬೇಡಿ. ಕಂಪ್ರೆಸರ್ ಆರಂಭವಾಗುವ ಕ್ಷಣದಲ್ಲಿ ಅದು ಎಳೆಯುವ ಕರೆಂಟ್ ಓಡುವಾಗಿನದಕ್ಕಿಂತ ಹಲವು ಪಟ್ಟು ಹೆಚ್ಚು. ಕರೆಂಟ್ ಬಂದು ಹೋಗಿ ಮಾಡುವಾಗ ಕಂಪ್ರೆಸರ್ ಮತ್ತೆ ಚಾಲೂ ಆಗುವ ಮುನ್ನ ಕನಿಷ್ಠ ಮೂರು ನಿಮಿಷ ಬಿಡುವು ಕೊಡುವ ಏರ್ಪಾಡು ಕಂಟ್ರೋಲರಿನಲ್ಲಿರಬೇಕು. ಕರೆಂಟ್ ಇಲ್ಲದಷ್ಟು ಹೊತ್ತು ಮೀನಿಗೆ ಆಹಾರ ಹಾಕಬೇಡಿ; ಎರಡು ಮೂರು ದಿನದ ಉಪವಾಸದಿಂದ ಆರೋಗ್ಯವಂತ ದೊಡ್ಡ ಮೀನಿಗೆ ಏನೂ ಆಗುವುದಿಲ್ಲ.

ಮನೆಗೆ ಬಂದು ನೋಡಿದರೆ ನೀರು 32 ಡಿಗ್ರಿ ಇದೆ. ಈಗ ಏನು ಮಾಡಲಿ?

ಗಾಬರಿಯಿಂದ ತಣ್ಣೀರು ಸುರಿಯಬೇಡಿ. ಮೊದಲು ಏರ್ ಪಂಪ್ ಹಾಕಿ ಅಥವಾ ಪಂಪಿನ ಬಾಯಿಯನ್ನು ಮೇಲ್ಮೈಯತ್ತ ತಿರುಗಿಸಿ ನೀರು ಜೋರಾಗಿ ಕಲಕುವಂತೆ ಮಾಡಿ. ದೀಪ ಆರಿಸಿ; ಬಿಸಿ ಮತ್ತು ಬೆಳಕು ಒಟ್ಟಿಗೆ ಇದ್ದರೆ ಹವಳಕ್ಕೆ ಹೆಚ್ಚು ಕೆಡುಕು. ಹೀಟರಿನ ಪ್ಲಗ್ ತೆಗೆಯಿರಿ. ಮುಚ್ಚಳ ತೆಗೆದು ಫ್ಯಾನ್ ಹಾಕಿ, ಅದು ಸಾಲದಿದ್ದರೆ ಹೆಪ್ಪುಗಟ್ಟಿದ ಬಾಟಲಿಗಳನ್ನು ಒಂದೊಂದಾಗಿ ಇಳಿಸಿ. ಗಂಟೆಗೆ ಸುಮಾರು 1 ಡಿಗ್ರಿಯಂತೆ 28ರವರೆಗೆ ಇಳಿಸಿ, ಉಳಿದದ್ದನ್ನು ರಾತ್ರಿಯುದ್ದಕ್ಕೂ ನಿಧಾನವಾಗಿ ಇಳಿಯಲು ಬಿಡಿ. ಮರುದಿನ ಅಮೋನಿಯಾ ಅಳೆಯಿರಿ, ಏಕೆಂದರೆ ಕಲ್ಲುಗಳ ಸಂದಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಸತ್ತಿರಬಹುದು.

ಹವಳ ಬಿಳಿಯಾಗಿದೆ. ಸತ್ತಿದೆಯೇ?

ಬಿಳಿಚಿಕೊಂಡದ್ದೆಲ್ಲ ಸತ್ತದ್ದಲ್ಲ. ಹತ್ತಿರದಿಂದ ನೋಡಿದಾಗ ಅಸ್ಥಿಪಂಜರದ ಮೇಲೆ ತೆಳುವಾದ, ಪಾರದರ್ಶಕ ಅಂಗಾಂಶ ಇನ್ನೂ ಇದ್ದರೆ, ರಾತ್ರಿ ಸಣ್ಣ ಗ್ರಹಣಾಂಗಗಳು ಹೊರಬರುತ್ತಿದ್ದರೆ, ಅದು ಬದುಕಿದೆ. ಆದರೆ ಹಸಿದಿದೆ. ಬೆಳಕನ್ನು ಅರ್ಧಕ್ಕೆ ಇಳಿಸಿ, ತಾಪಮಾನವನ್ನು 25ರಲ್ಲಿ ನಿಲ್ಲಿಸಿ, ಹವಳಗಳಿಗೆಂದೇ ಬರುವ ಸೂಕ್ಷ್ಮ ಆಹಾರವನ್ನು ವಾರಕ್ಕೆ ಎರಡು ಬಾರಿ ಸ್ವಲ್ಪ ಸ್ವಲ್ಪ ಕೊಡಿ. ಬಣ್ಣ ಮರಳಲು ಹಲವು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಅಂಗಾಂಶವೇ ಹೋಗಿ ಅಸ್ಥಿಪಂಜರದ ಮೇಲೆ ಹಸಿರು ಅಥವಾ ಕಂದು ಪಾಚಿ ಹತ್ತಿದ್ದರೆ ಆ ಭಾಗ ಸತ್ತಿದೆ.

ಸತ್ತ ಹವಳದ ಬದಲಿಗೆ ಸಮುದ್ರದಿಂದ ತಂದುಕೊಳ್ಳುವ ಯೋಚನೆ ಯಾರಿಗೂ ಬರಬಾರದು. ಕಲ್ಲುಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಜೀವಿಗಳು. ನೇತ್ರಾಣಿ ದ್ವೀಪದಲ್ಲಾಗಲಿ ಬೇರೆಲ್ಲಾಗಲಿ ಅವನ್ನು ಕೀಳುವುದು ಅಪರಾಧ. ಬಿಸಿಯಾಗುತ್ತಿರುವ ಸಮುದ್ರದಲ್ಲಿ ಅವು ಈಗಾಗಲೇ ಸಾಕಷ್ಟು ಸಂಕಟದಲ್ಲಿವೆ.

ಮೀನಿನ ಬಿಳಿ ಚುಕ್ಕೆ ರೋಗಕ್ಕೆ ನೀರು ಬಿಸಿ ಮಾಡಿದರೆ ವಾಸಿಯಾಗುತ್ತದೆಯೇ?

ಇಲ್ಲ. ಆ ಉಪಾಯ ಸಿಹಿನೀರಿನ ಅಕ್ವೇರಿಯಂನಿಂದ ಬಂದದ್ದು. ಉಪ್ಪುನೀರಿನಲ್ಲಿ ಬಿಳಿ ಚುಕ್ಕೆ ತರುವ ಕ್ರಿಪ್ಟೋಕ್ಯಾರಿಯಾನ್ ಬೇರೆಯೇ ಪರೋಪಜೀವಿ, ಹವಳ ಮತ್ತು ಮೀನು ಸಹಿಸಬಲ್ಲ ಬಿಸಿಗೆ ಅದು ಸಾಯುವುದಿಲ್ಲ. ಬಿಸಿ ಮಾಡಿದರೆ ಅದರ ಜೀವನಚಕ್ರ ಚುರುಕಾಗುತ್ತದೆ, ಉಸಿರಿಗೆ ಕಷ್ಟಪಡುತ್ತಿರುವ ಮೀನಿಗೆ ಇನ್ನಷ್ಟು ಕಷ್ಟವಾಗುತ್ತದೆ. ಮೀನನ್ನು ಪ್ರತ್ಯೇಕ ತೊಟ್ಟಿಗೆ ಹಾಕಿ ತಾಮ್ರದ ಔಷಧದಿಂದ, ಅಳೆಯುವ ಕಿಟ್ ಇಟ್ಟುಕೊಂಡು, ಚಿಕಿತ್ಸೆ ಮಾಡಬೇಕು. ಹವಳ, ಸೀಗಡಿಗಳಿರುವ ತೊಟ್ಟಿಗೆ ತಾಮ್ರ ವಿಷ.

ಹೊಸ ಮೀನು ಬಿಡುವಾಗ, ನೀರು ಬದಲಿಸುವಾಗ ತಾಪಮಾನ ಎಷ್ಟು ಹೊಂದಬೇಕು?

ಹೊಸ ನೀರು ಮತ್ತು ತೊಟ್ಟಿಯ ನೀರಿನ ನಡುವೆ 1 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬೇಡ. ಹಿಂದಿನ ರಾತ್ರಿಯೇ ಉಪ್ಪು ಕಲಸಿ ಅದೇ ಕೋಣೆಯಲ್ಲಿ ಕಲಕುತ್ತ ಇಟ್ಟರೆ ಸಾಮಾನ್ಯವಾಗಿ ಹೊಂದಿಕೊಳ್ಳುತ್ತದೆ. ಬಕೆಟ್ಟಿನೊಳಗಿನ ಪಂಪ್ ಸಣ್ಣ ಪ್ರಮಾಣದ ನೀರನ್ನು ಬೇಗ ಬಿಸಿ ಮಾಡುವುದರಿಂದ ಸೇರಿಸುವ ಮುನ್ನ ಅಳೆದು ನೋಡಿ. ಟೆರೇಸಿನ ಟ್ಯಾಂಕಿನಿಂದ ಮಧ್ಯಾಹ್ನ ನೇರವಾಗಿ ಹಿಡಿದ ನೀರು 35 ಡಿಗ್ರಿ ದಾಟಿರಬಹುದು, ಅದನ್ನು ಆರ್‌ಒ ಯಂತ್ರಕ್ಕೆ ಬಿಡುವುದೂ ಒಳ್ಳೆಯದಲ್ಲ. ಹೊಸ ಮೀನಿನ ಚೀಲವನ್ನು ತೊಟ್ಟಿಯಲ್ಲಿ 15ರಿಂದ 20 ನಿಮಿಷ ತೇಲಿಸಿದರೆ ತಾಪಮಾನ ಹೊಂದುತ್ತದೆ.

ಹೊಸ ತೊಟ್ಟಿಯನ್ನು ಎಲ್ಲಿ ಇಟ್ಟರೆ ಬೇಸಿಗೆಯಲ್ಲಿ ಕಷ್ಟ ಕಡಿಮೆ?

ನೆಲಮಹಡಿಯಲ್ಲಿ, ಉತ್ತರ ಅಥವಾ ಪೂರ್ವದ ಕೋಣೆಯಲ್ಲಿ, ಒಳಗೋಡೆಗೆ ತಾಗಿಸಿ. ಮೇಲ್ಮಹಡಿಯ ಆರ್‌ಸಿಸಿ ಸೂರು ಹಗಲೆಲ್ಲ ಕಾದು ರಾತ್ರಿ ಹನ್ನೊಂದರವರೆಗೂ ಕೋಣೆಗೆ ಶಾಖ ಬಿಡುತ್ತಿರುತ್ತದೆ, ಪಡುವಣ ಗೋಡೆಯೂ ಹಾಗೆಯೇ. ಅಡುಗೆಮನೆಯ ಪಕ್ಕ ಬೇಡ, ಫ್ರಿಜ್ಜಿನ ಹಿಂಬದಿಯ ಬಿಸಿಗಾಳಿ ತಾಗುವಲ್ಲಿ ಬೇಡ, ನೇರ ಬಿಸಿಲು ಬೀಳುವ ಕಿಟಕಿಯ ಬಳಿ ಬೇಡ. ಗಾತ್ರದಲ್ಲಿ ಆಯ್ಕೆಯಿದ್ದರೆ 60 ಲೀಟರಿನ ಪುಟ್ಟ ತೊಟ್ಟಿಗಿಂತ 200 ಲೀಟರ್ ಮೇಲು; ನೀರು ಹೆಚ್ಚಿದ್ದಷ್ಟು ತಾಪಮಾನ ನಿಧಾನವಾಗಿ ಬದಲಾಗುತ್ತದೆ. ತೊಟ್ಟಿ ತುಂಬಿಸಲು ಜೂನ್ ಒಳ್ಳೆಯ ತಿಂಗಳು. ಬ್ಯಾಕ್ಟೀರಿಯಾಗಳು ನೆಲೆಯೂರಿ ಮೀನು, ಹವಳಗಳು ಒಂದೊಂದಾಗಿ ಬರುವ ಹೊತ್ತಿಗೆ ಮಳೆಗಾಲ, ಚಳಿಗಾಲ ಕಳೆದಿರುತ್ತದೆ, ಮುಂದಿನ ಮಾರ್ಚಿನೊಳಗೆ ಫ್ಯಾನ್ ಸಾಕೋ ಚಿಲ್ಲರ್ ಬೇಕೋ ಎಂಬುದನ್ನು ನಿಮ್ಮದೇ ಅಳತೆಗಳಿಂದ ತೀರ್ಮಾನಿಸಬಹುದು.